ಪೇಟದಯ್ಯ ತಿಂದು ಸತ್ತದ್ದು

“ಅಕ್ಕಾ, ನಮ್ ಮೀನು ಊಟ ಬುಟ್ಟವೆ ಕಣಕ್ಕ. ಒಂದ್ಸಲ ಬಂದು ನೋಡ್ರಿ.”

ತಿಪಟೂರಿನಿಂದ ಈ ಫೋನು ಬಂದಾಗ ನಾನು ತುರುವೇಕೆರೆಯ ನನ್ನ ಅಂಗಡಿಯಲ್ಲಿ ಗಪ್ಪಿ ಮರಿಗಳನ್ನು ಬೇರೆ ತೊಟ್ಟಿಗೆ ಸೋಸಿ ಹಾಕುತ್ತಿದ್ದೆ. ಅಕ್ವೇರಿಯಂ ಮೀನು ಮಾರುವವಳಿಗೆ, ಮನೆಮನೆಗೆ ಹೋಗಿ ತೊಟ್ಟಿ ತೊಳೆದುಕೊಡುವವಳಿಗೆ, ನಾನಾ ಬಗೆಯ ದೂರು ಬರುತ್ತವೆ. ನೀರು ನಾರುತ್ತಿದೆ, ಗಾಜಿಗೆ ಪಾಚಿ ಹಿಡಿದಿದೆ, ಮೋಟರು ಗೊರಗೊರ ಎನ್ನುತ್ತಿದೆ. ಆದರೆ ಮನೆಯ ಮಗು ಊಟ ಬಿಟ್ಟಂಥ ದನಿಯಲ್ಲಿ ಮೀನು ಊಟ ಬಿಟ್ಟಿವೆ ಎಂದು ಯಾರೂ ಹೇಳಿರಲಿಲ್ಲ. ಬಕೆಟ್ಟು, ಪೈಪು, ನೀರು ಪರೀಕ್ಷೆಯ ಪೆಟ್ಟಿಗೆ ಎಲ್ಲವನ್ನೂ ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ.

ಅದು ಊರಿನ ಅಂಚಿನಲ್ಲಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆ. ಮನೆಯ ಹಿಂದೆಯೇ ತೋಟ, ಪಕ್ಕದಲ್ಲಿ ಅಟ್ಟದ ತುಂಬ ಕಾಯಿ ಕೂಡಿಟ್ಟ ಕಟ್ಟಡ. ಇದ್ದವರು ಮೂರೇ ಜನ: ಸಾಹುಕಾರರು, ಅವರ ಹೆಂಡತಿ, ಅವರ ತಾಯಿ. ಫೋನು ಮಾಡಿದ್ದು ಆ ಅಜ್ಜಿಯ ಸೊಸೆ, ಸಾಹುಕಾರರ ಹೆಂಡತಿ. ಚಪ್ಪಲಿ ಬಿಡುವಾಗ ಮೊದಲು ಮೂಗಿಗೆ ಬಂದದ್ದು ಒಣಕೊಬ್ಬರಿಯ ಸಿಹಿ ವಾಸನೆ. ಅದು ನಮ್ಮ ಸೀಮೆಯಲ್ಲಿ ಯಾವ ಮನೆಗೆ ಹೋದರೂ ಬರುವಂಥದ್ದೇ. ಒಳಗೆ ಕಾಲಿಟ್ಟ ಮೇಲೆ ಅದರಡಿಯಿಂದ ಇನ್ನೊಂದು ವಾಸನೆ ಎದ್ದಿತು. ಚಟ್ನಿ ರುಬ್ಬಿ ತೊಳೆಯದೆ ಬಿಟ್ಟ ಮಿಕ್ಸಿ ಜಾರನ್ನು ವಾರ ಕಳೆದು ತೆರೆದರೆ ಹೇಗಿರುತ್ತದೋ ಹಾಗೆ. ಮನೆಯವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಅದರಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

ನಡುಮನೆಯ ಒಂದು ಗೋಡೆಯುದ್ದಕ್ಕೂ ತೊಟ್ಟಿ. ನೀರು ರಾಗಿ ಅಂಬಲಿಯ ಬಣ್ಣದಲ್ಲಿತ್ತು. ಮೇಲೆ ಎಣ್ಣೆಯ ಕೆನೆ ಕಟ್ಟಿ, ಟ್ಯೂಬ್‌ಲೈಟಿನ ಬೆಳಕಿಗೆ ನವಿಲುಬಣ್ಣ ಹೊಡೆಯುತ್ತಿತ್ತು. ಆ ಕೆನೆಗೆ ಮೂತಿ ಹಚ್ಚಿಕೊಂಡು ಹತ್ತು ಹನ್ನೆರಡು ಗೋಲ್ಡ್‌ಫಿಶ್‌ಗಳು ಸಾಲಾಗಿ ನಿಂತು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಮಧ್ಯದ್ದು ಎಲ್ಲಕ್ಕಿಂತ ದೊಡ್ಡದು. ಮೈ ಬಿಳಿ, ತಲೆಯ ಮೇಲೆ ಮಾತ್ರ ಕೆಂಪು ಗಡ್ಡೆ. ಅಜ್ಜಿ ಅದಕ್ಕೆ ಪೇಟದಯ್ಯ ಎಂದು ಹೆಸರಿಟ್ಟಿದ್ದರು.

“ನೋಡಿದ್ರಾ ಅಕ್ಕ, ಹೆಂಗೆ ಬಾಯ್ ಬಾಯ್ ಬುಡ್ತಾವೆ? ಹೊಟ್ಟೆಗಿಲ್ದೆ ಸಂಕ್ಟ ಪಡ್ತಾವೆ. ಹಾಕುದ್ರೆ ಮೂಸೂ ನೋಡಲ್ಲ” ಎಂದರು ಸೊಸೆ.

“ಅದು ಹಸಿವಲ್ಲ ಕಣ್ರೀ, ಉಸಿರು. ನೀರಲ್ಲಿ ಉಸಿರಿಲ್ಲ, ಅದಕ್ಕೇ ಮೇಲೆ ಬಂದು ಗಾಳಿ ಕುಡೀತಿವೆ. ದಿನಕ್ಕೆ ಎಷ್ಟು ಹಾಕ್ತೀರಾ?”

“ಬೆಳಿಗ್ಗೆ ಒಂದ್ ಚಿಟಿಕೆ. ಅಷ್ಟೇಯಾ.”

ತೊಟ್ಟಿಯ ಎದುರಿನ ದಿವಾನದ ಮೇಲೆ ಅಜ್ಜಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಕಣ್ಣು ಮೀನಿನ ಮೇಲೆ.

ಕೆಲಸ ಶುರು ಮಾಡಿದೆ. ಮೊದಲು ಆ ಕೆನೆ ತೆಗೆಯಬೇಕು. ಹಳೆಯ ದಿನಪತ್ರಿಕೆಯ ಹಾಳೆಯನ್ನು ನೀರಿನ ಮೇಲೆ ಹಾಸಿ ಮೆಲ್ಲಗೆ ಎತ್ತಿದರೆ ಎಣ್ಣೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಹಾಳೆಯ ಮೇಲೆ ಹಾಳೆ ಎತ್ತಿದೆ. ಬೋಂಡ ಸುತ್ತಿಕೊಟ್ಟ ಕಾಗದದ ಹಾಗೆ ಒಂದೊಂದೂ ಪಾರದರ್ಶಕವಾಗಿ ಜೋತುಬೀಳುತ್ತಿತ್ತು. ಆಮೇಲೆ ಗಾಜಿನ ನಳಿಕೆಯಲ್ಲಿ ಸ್ವಲ್ಪ ನೀರು ಹಿಡಿದು ಪರೀಕ್ಷೆಯ ಹನಿ ಬಿಟ್ಟೆ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿ ಉಳಿಯಬೇಕಾದ ನೀರು ನೋಡುನೋಡುತ್ತಿದ್ದಂತೆ ಬಾಳೆಯೆಲೆಯ ಹಸಿರಿಗೆ ತಿರುಗಿತು. ಹೆಚ್ಚಾದ ತಿಂಡಿ ತಳದಲ್ಲಿ ಕೊಳೆತು, ಮೀನಿನ ಹೊಲಸೂ ಅದಕ್ಕೆ ಸೇರಿ ಹುಟ್ಟುವ ವಿಷ ಅದು. ಮೀನಿನ ಕಿವಿರನ್ನು ಸುಡುತ್ತದೆ. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದರ ಉರಿ ಇನ್ನೂ ಜಾಸ್ತಿ.

ತಳದ ಕೆಸರನ್ನು ಪೈಪಿನಲ್ಲಿ ಎಳೆಯಬೇಕು. ಪೈಪಿನ ಒಂದು ತುದಿಯನ್ನು ತೊಟ್ಟಿಯ ತಳಕ್ಕೆ ಊರಿ, ಇನ್ನೊಂದನ್ನು ಬಾಯಲ್ಲಿಟ್ಟು ಎಳೆದು, ನೀರು ಹತ್ತಿ ಬರುವಷ್ಟರಲ್ಲಿ ತಟ್ಟನೆ ಬಕೆಟ್ಟಿಗೆ ಬಿಡುವುದು ನನ್ನ ರೂಢಿ. ಆ ದಿನ ಪೈಪಿಗೆ ಏನೋ ಅಡ್ಡ ಸಿಕ್ಕಿತು. ಜೋರಾಗಿ ಎಳೆದೆ. ಅಡ್ಡಿ ಕಳಚಿಕೊಂಡು ಬಂದದ್ದು ನೇರ ನನ್ನ ಬಾಯಿಗೆ. ನುಣ್ಣಗೆ, ಬೆಚ್ಚಗೆ, ಕಮಟು ಕೊಬ್ಬರಿಯ ರುಚಿ, ಅದರ ಹಿಂದೆಯೇ ಚರಂಡಿ. ಹಿತ್ತಲಿಗೆ ಓಡಿ ಕಕ್ಕಿದೆ. ಸೊಸೆ ಚೊಂಬಿನಲ್ಲಿ ನೀರು ತಂದುಕೊಟ್ಟು, “ಏನಾದ್ರೂ ತಿಂತೀರಾ ಅಕ್ಕ, ಖಾಲಿ ಹೊಟ್ಟೆ ಅಂತ ಕಾಣ್ತದೆ” ಎಂದರು.

ಬಕೆಟ್ಟಿಗೆ ಬಂದದ್ದನ್ನು ಕಡ್ಡಿಯಿಂದ ಕೆದಕಿ ನೋಡಿದೆ. ಮೀನಿನ ತಿಂಡಿಯ ಗುಳಿಗೆಗಳು ಉಬ್ಬಿ, ಬೂಸ್ಟು ಹಿಡಿದು, ಹತ್ತಿಯ ಉಂಡೆಗಳಾಗಿದ್ದವು. ಅವುಗಳ ಜೊತೆ ಕೊಬ್ಬರಿ ಚೂರು, ಮಂಡಕ್ಕಿ, ಚಪಾತಿಯ ತುಣುಕು, ಉಪ್ಪಿಟ್ಟಿನ ರವೆ, ಒಂದು ಇಡೀ ಗೋಡಂಬಿ. ಎಲ್ಲ ಸೇರಿ ಒಂದು ಬೂದುಬಣ್ಣದ ಲೋಳೆಯಾಗಿತ್ತು. ಆ ಲೋಳೆಯಲ್ಲಿ ದಾರದಷ್ಟು ಸಣ್ಣ ಬಿಳಿ ಹುಳುಗಳು ನುಲಿಯುತ್ತಿದ್ದವು.

“ಒಂದ್ ಚಿಟಿಕೆ ಅಂದ್ರಲ್ಲ?” ಎಂದು ಬಕೆಟ್ಟು ತೋರಿಸಿದೆ.

ಸೊಸೆ ಸೆರಗು ಮೂಗಿಗೆ ಹಿಡಿದುಕೊಂಡು ಅತ್ತೆಯ ಕಡೆ ನೋಡಿದರು. ಅತ್ತೆ ಮೀನಿನ ಕಡೆ ನೋಡುತ್ತಿದ್ದರು.

ಮೂರರಲ್ಲಿ ಒಂದು ಪಾಲು ನೀರು ತೆಗೆದು ಹೊಸ ನೀರು ಬಿಟ್ಟೆ. ಪೂರ್ತಿ ಬದಲಿಸಿದರೆ ಆ ಹೊಡೆತಕ್ಕೇ ಮೀನು ಸಾಯುತ್ತವೆ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದೆ. ಅಮೋನಿಯಾವನ್ನು ಅರಗಿಸುವ ಒಳ್ಳೆಯ ಜೀವಾಣುಗಳು ಆ ಸ್ಪಂಜಿನಲ್ಲೇ ಮನೆ ಮಾಡಿರುತ್ತವೆ, ಅವುಗಳನ್ನು ಕೊಲ್ಲಬಾರದು. ಹೊರಡುವಾಗ ಒಂದೇ ಮಾತು ಹೇಳಿದೆ: “ಒಂದು ವಾರ ಏನೂ ಹಾಕಬೇಡಿ. ಒಂದು ಕಾಳೂ ಬೇಡ. ಇಷ್ಟು ಕೊಬ್ಬಿದ ಮೀನು ವಾರ ಉಪವಾಸ ಇದ್ರೆ ಏನೂ ಆಗಲ್ಲ.”

“ಆಯ್ತು ಬುಡಕ್ಕ” ಎಂದರು ಸೊಸೆ.

ಆ ವಾರ ಮುಗಿಯುವ ಮೊದಲೇ ಮತ್ತೆ ಫೋನು. ಹೋಗಿ ನೋಡಿದರೆ ನೀರು ಹಾಲಾಗಿತ್ತು. ಅಕ್ಷರಶಃ ಹಾಲು. ಗಾಜಿಗೆ ಮೂಗು ತಾಗಿಸಿದರೂ ಆಚೆಯ ಮೀನು ಕಾಣುತ್ತಿರಲಿಲ್ಲ. ಎರಡು ಸತ್ತು ಮೂಲೆಯಲ್ಲಿ ತೇಲುತ್ತಿದ್ದವು. ಮೀನಿಗೆ ಒಳ್ಳೆಯದಾಗಲಿ ಎಂದು ಸೊಸೆ ಸ್ಪಂಜನ್ನು ಪಾತ್ರೆ ತೊಳೆಯುವ ಸೋಪು ಹಚ್ಚಿ, ಬಿಸಿನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಹಾಕಿ ಮತ್ತೆ ಕೂರಿಸಿದ್ದರು. ಒಳಗಿದ್ದ ಜೀವಾಣುಗಳೆಲ್ಲ ಸತ್ತಿದ್ದವು. ಅದನ್ನಾದರೂ ಕ್ಷಮಿಸಬಹುದು. ಆದರೆ ತೋಳು ಏರಿಸಿ ತಳಕ್ಕೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಇನ್ನೂ ಪೂರ್ತಿ ನೆನೆಯದ ಹೊಸ ಕೊಬ್ಬರಿ ಚೂರು.

“ಯಾರು ಹಾಕಿದ್ದು?” ಎಂದೆ.

ಯಾರೂ ಹಾಕಿರಲಿಲ್ಲ.

ನೀರು ತೆಗೆಯುತ್ತಿದ್ದಾಗ ಸೊಸೆ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. “ನಮ್ಮತ್ತೆ ಕಣಕ್ಕ. ಪೂಜೆ ಮುಗುಸ್ಕಂಡು ನೈವೇದ್ಯದ ಸಕ್ರೆ ಕೊಬ್ರಿ ತಂದು ಸುರೀತಾರೆ. ಹೇಳುದ್ರೆ ಕೇಳಾಕಿಲ್ಲ. ನಾನಾದ್ರೆ ಮದ್ಯಾನ ಒಂದಿಷ್ಟು, ಅದೂ ನಾನು ಉಣ್ಣುವಾಗ. ಒಬ್ಳೇ ಕುಂತು ಉಣ್ತೀನಲ್ಲ, ಎದ್ರಿಗೆ ಅವು ಬಂದು ನಿಂತ್ಕಂತಾವೆ. ಎಂಗೆ ಗಂಟ್ಲಾಗೆ ಇಳೀತದೆ ಹೇಳ್ರಿ?”

ಸಂಜೆ ಸಾಹುಕಾರರು ಕೊಬ್ಬರಿ ಮಂಡಿಯಿಂದ ಬಂದು, ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡರು. “ನೋಡಿ ಮೇಡಂ, ಹೆಂಗಸ್ರು ಇಬ್ರೂ ಸೇರ್ಕಂಡು ಹಾಳ್ ಮಾಡವ್ರೆ. ನಾನು ಹಾಕೋದು ಮಾತ್ರ ಲೆಕ್ಕಕ್ಕೆ ಹಿಡೀಬೇಡಿ. ಸಂಜೆ ಬಂದ್ಮೇಲೆ ಒಂದ್ ಹಿಡಿ, ಅಷ್ಟೇ. ಇಡೀ ದಿನ ಮಂಡೀಲಿ ಬಾಯ್ ಬಡ್ಕಂಡು ಬಂದಿರ್ತೀನಿ. ಅವು ನನ್ನ ಕಂಡ್ರೆ ಓಡ್ ಬರ್ತವೆ. ನನ್ನ ಮಾತ್ರ ಗುರ್ತ್ ಹಿಡೀತವೆ. ಪೇಟದಯ್ಯನ್ನ ನೋಡಿದ್ರಾ, ಒಳ್ಳೆ ಕೊಬ್ರಿ ಗಿಟುಕ್ ಆದಂಗ್ ಆಗವ್ನೆ!”

ಪೇಟದಯ್ಯನ ಹೊಟ್ಟೆ ಎರಡೂ ಕಡೆ ಉಬ್ಬಿ, ಹೊಟ್ಟೆಯಡಿಯ ರೆಕ್ಕೆ ಅದರಲ್ಲಿ ಮುಚ್ಚಿಹೋಗಿತ್ತು. ಹಿಂದೆ ಗೇಣುದ್ದದ ಹೊಲಸಿನ ದಾರ ನೇತಾಡುತ್ತಿತ್ತು. ಅದು ಈಜುತ್ತಿರಲಿಲ್ಲ, ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿತ್ತು.

ಅಜ್ಜಿಯೊಬ್ಬರೇ ಏನನ್ನೂ ಮುಚ್ಚಿಡಲಿಲ್ಲ.

“ಹೂಂ ಕಣವ್ವ, ಹಾಕ್ತೀನಿ. ಏನೀಗ? ಹಸ್ದು ಬಂದು ಬಾಯ್ ಬುಟ್ಟೋವಕ್ಕೆ ಹಾಕ್ಬ್ಯಾಡ ಅನ್ನೋಳು ನೀನೊಬ್ಳೇ. ನಮ್ಮ ಮನೇಲಿ ಬಂದ ನಾಯಿನೂ ಹಂಗೇ ಹೋಗಿಲ್ಲ.”

“ಅಜ್ಜಿ, ಈ ಮೀನಿಗೆ ಹೊಟ್ಟೆ ಅಂತ ಚೀಲಾನೇ ಇಲ್ಲ. ಬಾಯಿಂದ ಕೊನೇವರೆಗೂ ಒಂದೇ ಕರುಳು. ತುಂಬ್ತು ಅಂತ ಅದಕ್ಕೆ ಗೊತ್ತೇ ಆಗಲ್ಲ. ಹಾಕಿದಷ್ಟೂ ತಿನ್ನತ್ತೆ.”

“ಹಂಗಾರೆ ಪಾಪ, ಅದ್ಕೆ ಯಾವತ್ತೂ ಹೊಟ್ಟೆ ತುಂಬಾಕಿಲ್ಲ ಅನ್ನು!” ಎಂದರು ಅಜ್ಜಿ, ಇನ್ನಷ್ಟು ಕನಿಕರದಿಂದ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಅಂಗೈ ಮೂಸಿ ನೋಡಿಕೊಳ್ಳುತ್ತೇನೆ. ದಿನ ಬಿಟ್ಟು ದಿನ ಹೋಗಿ ನೀರು ಬದಲಿಸಿದೆ. ಅಳತೆ ಮಾಡಿ ಕಲ್ಲುಪ್ಪು ಕರಗಿಸಿ ಬಿಟ್ಟೆ. ಗಾಳಿ ಪಂಪು ಎರಡು ಕೂರಿಸಿದೆ. ನನ್ನ ಅಂಗಡಿಯ ತೊಟ್ಟಿಯಲ್ಲಿ ಹದವಾಗಿದ್ದ ಸ್ಪಂಜೊಂದನ್ನು ಒದ್ದೆಯಾಗಿಯೇ ತಂದು ಅವರ ಫಿಲ್ಟರಿಗೆ ಸೇರಿಸಿದೆ, ಅದರಲ್ಲಿನ ಜೀವಾಣುಗಳಾದರೂ ಇಲ್ಲಿ ಬೇರು ಬಿಡಲಿ ಎಂದು. ತಿಂಡಿಯ ಡಬ್ಬಗಳನ್ನೆಲ್ಲ ನನ್ನ ಚೀಲಕ್ಕೆ ತುಂಬಿಕೊಂಡು ಹೋದೆ. ಸಾಹುಕಾರರು ತುಮಕೂರಿನಿಂದ ಹೊಸದೊಂದು ಡಬ್ಬ ತಂದರು. ಮೇಲೆ ಉಬ್ಬಿದ ಮೀನಿನ ಚಿತ್ರ, ಬೇಗ ದಪ್ಪ ಆಗುತ್ತದೆ ಎಂಬ ಬರಹ. ನಾನು ತೊಟ್ಟಿಯ ಮುಚ್ಚಳಕ್ಕೇ ಟೇಪು ಸುತ್ತಿದೆ. ಅಜ್ಜಿ ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ಆ ಸಂದಿಯಲ್ಲಿ ಕೊಬ್ಬರಿ ತುರಿ ತೂರಿಸಿದರು. ಪ್ರತಿ ಸಲವೂ ಅದೇ ಕೆನೆ, ಅದೇ ಲೋಳೆ, ಅದೇ ಬಾಳೆಯೆಲೆಯ ಹಸಿರು.

ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ವಾಸನೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತು ತುತ್ತು ಬಾಯಿಗೆ ತರುವಾಗ ಆ ತೊಟ್ಟಿಯೇ ಮುಖದ ಹತ್ತಿರ ಬಂದಂತಾಗುತ್ತಿತ್ತು. ನನ್ನ ಗಂಡ ಒಂದು ದಿನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಕೂತರು. ಕೊಬ್ಬರಿ ಚಟ್ನಿಯನ್ನು ಮನೆಯಲ್ಲಿ ಅರೆಯಬೇಡಿ ಎಂದೆ. ಕೊಳಕು ಮುಟ್ಟುವುದು ನನ್ನ ಕಸುಬು, ಅದು ನನಗೆ ಹೊಸದಲ್ಲ. ಹುಳಿಯಾರಿನ ಕಡೆ ಒಂದು ಮನೆಯಲ್ಲಿ ಇಡೀ ಬೇಸಿಗೆ ಯಾರೂ ನೋಡದೆ ಬಿಟ್ಟ ತೊಟ್ಟಿಯನ್ನು ತೊಳೆದುಕೊಟ್ಟಿದ್ದೇನೆ. ಅಲ್ಲಿನ ಕೊಳಕು ಅಸಡ್ಡೆಯದು, ತೊಳೆದರೆ ಹೋಗುತ್ತದೆ. ಇಲ್ಲಿನದು ಪ್ರೀತಿಯಿಂದ ಬಂದ ಕೊಳಕು. ತೊಳೆದ ಮರುಗಳಿಗೆಗೆ ಮತ್ತೆ ಬಂದು ಕೂರುತ್ತಿತ್ತು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಹಾಗಾಗಿ ನನಗೆ ಆ ಮೂವರ ಕೈಗಳ ಮೇಲೇ ಹೇಸಿಗೆ ಹುಟ್ಟಿತು. ಅವರು ಕಾಫಿ ಲೋಟ ಚಾಚಿದರೆ ಆ ಬೆರಳುಗಳನ್ನು ನೋಡಿ ಬೇಡ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಸೊಸೆಯ ಫೋನು ಬಂತು. ಮಾತಿನ ಬದಲು ಬಿಕ್ಕು. “ಕರೆಂಟ್ ಹೋಗಿ ಬಾಳ ಹೊತ್ತಾಯ್ತು ಕಣಕ್ಕ. ಪೇಟದಯ್ಯ ಮಲಗ್ಬುಟ್ಟವ್ನೆ.”

ಅಂಥ ನೀರಿನಲ್ಲಿ ಗಾಳಿ ಪಂಪು ನಿಂತರೆ ಮುಗಿಯಿತು. ಕೊಳೆಯುತ್ತಿರುವ ಹೊಲಸೇ ಇರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಮೀನಿಗೆ ಬಿಡದೆ ತಿಂದುಹಾಕುತ್ತದೆ. ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಲೇ ಇರಿ, ನಾನು ಬರುವವರೆಗೆ ನಿಲ್ಲಿಸಬೇಡಿ ಎಂದು ಹೇಳಿ ಹೊರಟೆ. ಹೋಗಿ ನೋಡಿದಾಗ ಸೊಸೆ ಚೊಂಬು ಹಿಡಿದು, ತೋಳು ಸೋತು, ಅಳುತ್ತ ನೀರು ಸುರಿಯುತ್ತಿದ್ದರು. ಉಳಿದ ಮೀನುಗಳು ಆ ಧಾರೆಯ ಕೆಳಗೆ ಗುಂಪಾಗಿದ್ದವು. ಪೇಟದಯ್ಯ ಅಂಗಾತವಾಗಿದ್ದ. ಅಜ್ಜಿ ಬಗ್ಗಿ ನಿಂತು, ಎರಡು ಬೆರಳಿನಿಂದ ಅವನ ಬಾಯಿಗೆ ಏನನ್ನೋ ಒತ್ತುತ್ತಿದ್ದರು. ಸಕ್ಕರೆ ಬೆರೆಸಿದ ಕೊಬ್ಬರಿ.

“ಬಾಯಿಗ್ ಒಂದಿಷ್ಟು ಬಿದ್ರೆ ಚೇತ್ರುಸ್ಕಂತಾನೆ” ಎಂದರು ನನ್ನ ಕಡೆ ತಿರುಗದೆ.

ಸತ್ತ ಮೀನಿನ ಬಾಯಿಗೆ ತುತ್ತು. ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಹೇಸಿಗೆಯೆಲ್ಲ ಒಟ್ಟಿಗೆ ಮೇಲೆದ್ದಿತು. ಸಾಮಾನು ಕಟ್ಟಿಕೊಂಡು ಹೊರಟುಬಿಡೋಣ, ಈ ಮನೆಯ ಫೋನು ಇನ್ನು ಎತ್ತುವುದೇ ಬೇಡ ಎಂದುಕೊಂಡೆ. ಪೈಪನ್ನು ಸುತ್ತಿಯೂ ಆಗಿತ್ತು. ಆಗ ಕರೆಂಟು ಬಂದು ಪಂಪು ಗುಳುಗುಟ್ಟಿತು, ಉಳಿದ ಮೀನುಗಳು ಒಂದೊಂದಾಗಿ ಕದಲಿದವು. ಅವುಗಳಲ್ಲೊಂದು ಗಾಜಿನ ಹತ್ತಿರ ಬಂದು ಅಜ್ಜಿಯ ಎದುರು ಬಾಯಿ ತೆರೆಯಿತು. ಅಜ್ಜಿಯ ಕೈ ಮತ್ತೆ ಬಟ್ಟಲಿನ ಕಡೆ ಹೋಯಿತು.

“ಸಾವ್ಕಾರ್ರಿಗೆ ಫೋನ್ ಮಾಡಿ, ಮಂಡಿಯಿಂದ ಈಗಲೇ ಬರ್ಲಿ” ಎಂದೆ ಸೊಸೆಗೆ. “ಈ ಮೀನು ಯಾಕೆ ಸತ್ತಿತು ಅಂತ ಕೊಯ್ದು ತೋರಿಸ್ತೀನಿ. ಮೂರು ಜನಾನೂ ನೋಡ್ಬೇಕು.”

ಸೊಸೆ ಬೆಚ್ಚಿ ಹಿಂದೆ ಸರಿದರು. ಮೊಟ್ಟೆಯನ್ನೂ ಒಳಗೆ ತರದ ಮನೆ ಅದು. ಅಲ್ಲಿ ಮೀನು ಎಂದರೆ ನೋಡುವುದಕ್ಕೆ, ಮಾತಾಡಿಸುವುದಕ್ಕೆ. ಕೊಯ್ಯುವ ಮಾತನ್ನು ಆ ನಡುಮನೆಯಲ್ಲಿ ಆಡಿದವಳು ನಾನೇ ಮೊದಲಿರಬೇಕು.

ಸಾಹುಕಾರರು ಬಂದವರೇ ರೇಗಿದರು. “ಏನ್ ಮೇಡಂ ಇದು? ನಮ್ಮನೇಲಿ ಇಂಥಾದ್ದೆಲ್ಲ ನಡ್ಯಲ್ಲ ಕಣ್ರೀ. ಹೂತಾಕಿ, ಹೊಸಾದು ತರ್ಸನ.”

“ಹೊಸದು ತಂದ್ರೆ ಅದನ್ನೂ ಹೀಗೇ ಸಾಯಿಸ್ತೀರಾ.”

“ನಾವ್ ಸಾಯ್ಸುದ್ವಾ? ಮೀನ್ ಕೊಯ್ಯದೋರ್ ಮನೇಗ್ ಬಂದು ಈ ಮಾತಾ?”

“ನಮ್ಮ ಮನೇಲಿ ಕೊಯ್ತೀವಿ ಸಾವ್ಕಾರ್ರೇ. ಒಂದೇ ಏಟು, ಮುಗೀತು. ಹೀಗೆ ದಿನಾ ದಿನಾ ನರಳಿಸಿ ಕೊಲ್ಲಲ್ಲ.”

ಆ ಮಾತು ಅಷ್ಟು ಒರಟಾಗಿ ಬಂದದ್ದಕ್ಕೆ ನನಗೂ ಮೈ ಬಿಸಿಯಾಯಿತು. ಆಗ ಅಜ್ಜಿ ದಿವಾನದಿಂದ ಎದ್ದರು. “ಮನೆ ಒಳ್ಗೆ ಬ್ಯಾಡ. ತ್ವಾಟಕ್ಕೆ ನಡಿ” ಎಂದರು.

ತೋಟದಲ್ಲಿ ಬಿದ್ದಿದ್ದ ತೆಂಗಿನ ಮಟ್ಟೆಯ ಅಗಲ ಬುಡದ ಮೇಲೆ ಪೇಟದಯ್ಯನನ್ನು ಮಲಗಿಸಿದೆ. ಹೊಸ ಬ್ಲೇಡು ತೆಗೆದೆ. ಹೊಟ್ಟೆಯ ಕೆಳಗಿನಿಂದ ಕಿವಿರಿನವರೆಗೆ ಸೀಳುವಾಗ ಬ್ಲೇಡು ಜಾರಿತು. ಕೆರೆಮೀನು ಕೊಯ್ದರೆ ಮೊದಲು ರಕ್ತ, ಕರುಳು ಕಾಣುತ್ತವೆ. ಇಲ್ಲಿ ಮೊದಲು ಕಂಡದ್ದು ಕೊಬ್ಬು. ಕಾಯಿಸುವ ಮೊದಲಿನ ಹಳದಿ ಬೆಣ್ಣೆಯ ಹಾಗೆ, ಹೊಟ್ಟೆಯ ಒಳಗೆಲ್ಲ ತುಂಬಿ, ಸೀಳಿದ ಸಂದಿಯಿಂದ ತಾನೇ ಹೊರಗೆ ಉಬ್ಬಿಬಂತು. ಸೊಸೆ ಬಾಯಿ ಮುಚ್ಚಿಕೊಂಡು ಬಚ್ಚಲಿನ ಕಡೆ ಓಡಿದರು. ಆ ಕೊಬ್ಬನ್ನು ಸರಿಸಿ ಲಿವರನ್ನು ತೋರಿಸಿದೆ. ಕೆಂಪಗೆ ಗಟ್ಟಿಯಾಗಿ ಇರಬೇಕಾದ್ದು ಸುಣ್ಣದ ಬಣ್ಣಕ್ಕೆ ತಿರುಗಿತ್ತು, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಸಾಹುಕಾರರು ಮುಖ ತಿರುಗಿಸಿ ತೆಂಗಿನ ಮರಕ್ಕೆ ಕೈ ಊರಿ ನಿಂತರು.

ಅಜ್ಜಿ ಕದಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಳಕಾಲ ಮೇಲೆ ಕೈಯಿಟ್ಟು ಬಗ್ಗಿದರು.

ಕರುಳು ನನ್ನ ಕಿರುಬೆರಳಿನಷ್ಟು ದಪ್ಪಕ್ಕೆ ಬಿಗಿದುಕೊಂಡಿತ್ತು. ಸೀಳಿದೆ. ಒಳಗಿದ್ದದ್ದು ಅರಗಿರಲಿಲ್ಲ, ಕೊಳೆತಿತ್ತು. ಗುಳಿಗೆಯ ಕಂದು ಹಿಟ್ಟು, ಅನ್ನದ ಅಗುಳು, ಅವುಗಳ ನಡುವೆ ಬೆಳ್ಳಗೆ ಕೊಬ್ಬರಿಯ ತುರಿ, ಎಳೆ ಎಳೆಯಾಗಿ, ತುರಿದ ಹಾಗೇ. ಬೆಚ್ಚನೆಯ ಕಮಟು ಮುಖಕ್ಕೆ ಹೊಡೆಯಿತು. ನನ್ನ ಬಾಯಿಗೆ ಮೊದಲ ದಿನ ಬಂದ ಅದೇ ರುಚಿ.

“ಇದು ನಾನ್ ಹಾಕಿದ್ದಾ?” ಅಜ್ಜಿ ಕೇಳಿದರು.

‘ಮೂವರೂ ಹಾಕಿದ್ದು, ಅಜ್ಜಿ’ ಎನ್ನಬಹುದಿತ್ತು. ಆಗ ತಪ್ಪು ಯಾರೊಬ್ಬರ ಪಾಲಿಗೂ ಬರುತ್ತಿರಲಿಲ್ಲ.

“ಕೊಬ್ರಿ ನಿಮ್ದು. ಅನ್ನ ನಿಮ್ಮ ಸೊಸೇದು. ಗುಳಿಗೆ ಸಾವ್ಕಾರ್ರುದು.”

ಅಜ್ಜಿ ಬಟ್ಟಲು ಮುಟ್ಟಿದ್ದ ಎರಡು ಬೆರಳನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ, “ಮುಚ್ಚವ್ವ, ಸಾಕು” ಎಂದು ಹೇಳಿ ಬಾವಿಕಟ್ಟೆಯ ಕಡೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡರು. ನಾನು ಮರದ ಬುಡದಲ್ಲಿ ಗುಂಡಿ ತೋಡಿ ಹೂತೆ. ಸಾಹುಕಾರರು ನನ್ನ ಬಕೆಟ್ಟನ್ನು ತಾವೇ ಗೇಟಿನಾಚೆ ಇಟ್ಟು, “ಇನ್ನು ನೀವ್ ಬರೋದ್ ಬ್ಯಾಡ ಬುಡಿ” ಎಂದರು. ಕೂಗಾಡಲಿಲ್ಲ. ನಾನು ಬಕೆಟ್ಟನ್ನು ಸ್ಕೂಟರಿಗೆ ಕಟ್ಟಿದೆ.

ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ಒಂದೇ ಯೋಚನೆ. ಒಬ್ಬ ಮುದುಕಿಯ ಎದುರು ಅವಳ ಮುದ್ದಿನ ಮೀನಿನ ಕರುಳು ಬಗೆದು, ಇದು ನೀನು ಹಾಕಿದ್ದು ಎಂದು ಹೇಳಿ ಬಂದಿದ್ದೆ. ಉಳಿದ ಮೀನುಗಳು ಅದರಿಂದ ಉಳಿಯುತ್ತವೆಯೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ಹೇಸಿಗೆಯನ್ನು ಅವರಿಗೆ ದಾಟಿಸಿ ಹಗುರಾದೆನೇ ಎಂದೂ ಅನ್ನಿಸಿತು. ಹಗುರವಂತೂ ಆಗಿರಲಿಲ್ಲ.

ಆ ಮನೆಯಿಂದ ಬಹಳ ದಿನ ಫೋನು ಬರಲಿಲ್ಲ. ಎಲ್ಲ ಮೀನೂ ಸತ್ತಿರಬೇಕು, ತೊಟ್ಟಿಯನ್ನು ಅಟ್ಟಕ್ಕೆ ಹಾಕಿರಬೇಕು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಫೋನು ಬಂತು. ಸೊಸೆಯ ನಂಬರು, ದನಿ ಅಜ್ಜಿಯದು.

“ಏನವ್ವ, ಬುಟ್ಟೇ ಹೋದ್ಯಲ್ಲ? ಬಂದು ನೀರ್ ನೋಡು. ಎಷ್ಟ್ ಹಾಕ್ಬೇಕು ಅಂತ ತೋರ್ಸು. ನನ್ಗೊಬ್ಳಿಗೇ ತೋರ್ಸು.”

ಹೋದೆ. ಬಾಗಿಲಲ್ಲಿ ನಿಂತು ಮೊದಲು ಮೂಗೆಳೆದೆ. ಕೊಬ್ಬರಿಯ ವಾಸನೆ ಮಾತ್ರ. ತೊಟ್ಟಿಯ ನೀರು ಇನ್ನೂ ತಿಳಿಯಾಗಿರಲಿಲ್ಲ, ಆದರೆ ಹಿಂದಿನ ಗೋಡೆ ಕಾಣುತ್ತಿತ್ತು. ಕೆನೆಯಿರಲಿಲ್ಲ. ಆರು ಮೀನು ಉಳಿದಿದ್ದವು, ಹೊಟ್ಟೆ ಇಳಿದಿತ್ತು. ತಿಂಡಿಯ ಡಬ್ಬ ಅಜ್ಜಿಯ ಟ್ರಂಕಿನೊಳಗೆ, ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಪೂಜೆಯ ಸಕ್ಕರೆ ಕೊಬ್ಬರಿ ಈಗ ಹಸುವಿನ ಬಾಯಿಗೆ ಹೋಗುತ್ತಿತ್ತು. ನೀರನ್ನು ನಾನು ಹೇಳಿದ್ದ ಹಾಗೆಯೇ, ಸ್ವಲ್ಪ ಸ್ವಲ್ಪ ತೆಗೆದು, ಸೊಸೆ ಬದಲಿಸುತ್ತ ಬಂದಿದ್ದರು.

“ಒಂದು ಮೀನಿಗೆ ಅದರ ಕಣ್ಣಿನಷ್ಟು. ಅದಕ್ಕಿಂತ ಜಾಸ್ತಿ ಬೇಡ” ಎಂದು ಗುಳಿಗೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ.

“ಇಷ್ಟೇಯಾ?” ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ಇರುವೆಗೂ ಸಾಲಾಕಿಲ್ವಲ್ಲವ್ವ.” ಆದರೂ ಅಷ್ಟನ್ನೇ ಹಾಕಿದರು. ಮೀನುಗಳು ಒಂದು ಕ್ಷಣದಲ್ಲಿ ಮುಗಿಸಿ ಮತ್ತೆ ಗಾಜಿಗೆ ಬಂದವು. ಅಜ್ಜಿ ಡಬ್ಬ ಮುಚ್ಚಿ, ಎದ್ದು ಹೋಗಿ ಟ್ರಂಕಿಗೆ ಬೀಗ ಹಾಕಿದರು. ಸೊಸೆ ನನಗೆ ಆಮೇಲೆ ಹೇಳಿದ್ದು: ಸಾಹುಕಾರರು ಸಂಜೆ ಬಂದು ಎಷ್ಟು ಗೋಗರೆದರೂ ಕೀಲಿ ಸಿಕ್ಕುತ್ತಿರಲಿಲ್ಲವಂತೆ. “ಅಷ್ಟ್ ಆಸೆ ಇದ್ರೆ ಎದ್ರಿಗೆ ಕುಂತು ಮಾತಾಡ್ಸಲಾ, ಮಾತಿಗೇನ್ ಹೊಟ್ಟೆ ಉಬ್ಬಾಕಿಲ್ಲ” ಎಂದು ಅಜ್ಜಿ ಅನ್ನುತ್ತಿದ್ದರಂತೆ.

“ವಾರಕ್ಕೊಂದು ದಿನ ಏನೂ ಹಾಕದೆ ಇದ್ರೆ ಇನ್ನೂ ಒಳ್ಳೇದು ಅಜ್ಜಿ” ಎಂದು ಹೊರಡುವಾಗ ಹೇಳಿದೆ. ಜಗಳ ಬರುತ್ತದೆ ಎಂದುಕೊಂಡಿದ್ದೆ.

ಅಜ್ಜಿ ಬೆರಳು ಮಡಿಸಿ ವಾರ ಎಣಿಸಿದರು. “ಸೋಮ್ವಾರ ಆಗ್ಲಿ. ಸೋಮ್ವಾರ ನಂಗೂ ಉಪಾಸ.”

ಅಷ್ಟು ದಿನ ಅಮೋನಿಯಾ, ಜೀವಾಣು, ಕರುಳು ಎಂದು ನಾನು ಹೇಳಿದ್ದೇ ಹೇಳಿದ್ದು. ಹಸಿವಿಗೂ ಆ ಮನೆಯಲ್ಲಿ ಒಂದು ಮರ್ಯಾದೆಯ ಜಾಗವಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಕೊಬ್ಬರಿ ಚಟ್ನಿ ನನಗೆ ಇನ್ನೂ ಸೇರುವುದಿಲ್ಲ, ಪೈಪನ್ನು ಬಾಯಲ್ಲಿ ಎಳೆಯುವುದನ್ನೂ ಬಿಟ್ಟಿದ್ದೇನೆ, ಕೈಪಂಪು ಬಳಸುತ್ತೇನೆ. ಕಳೆದ ಸಲ ಹೋದದ್ದು ಒಂದು ಸೋಮವಾರ. ನಳಿಕೆಯಲ್ಲಿ ನೀರು ಹಿಡಿದು ಹನಿ ಬಿಟ್ಟೆ. ಹಳದಿಯಾಗಿಯೇ ಉಳಿಯಿತು. ಅಜ್ಜಿ ದಿವಾನದ ಮೇಲೆ ತೊಟ್ಟಿಗೆ ಎದುರಾಗಿ ಕೂತಿದ್ದರು, ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು. ಮಧ್ಯಾಹ್ನ ದಾಟಿತ್ತು, ತುಟಿ ಒಣಗಿತ್ತು. ಆರು ಮೀನೂ ಗಾಜಿಗೆ ಬಂದು ನಿಂತು ಅವರ ಮುಖ ನೋಡುತ್ತ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

“ಬಾಯ್ ಬುಡ್ಬ್ಯಾಡ್ರೋ” ಎಂದರು ಅಜ್ಜಿ ಅವುಗಳಿಗೆ. “ನಂಗೂ ಹಸೀತೈತೆ. ನಾನೇನ್ ಬಾಯ್ ಬುಟ್ಕಂಡು ಕುಂತಿದೀನಾ?”